ಈಜಿಪ್ಟಿನ ಅಗಲ ಕಂಠಹಾರ ಮನೆಯಲ್ಲೇ: 255 ಕೊಳವೆ ಮಣಿ, ಒಂದು ಸೂಜಿ, ಸ್ವಲ್ಪ ಲೆಕ್ಕ

ಈಜಿಪ್ಟ್ ಶೈಲಿಯ ಸರ ಕೊಡಿ ಅಂದರೆ ಅಂಗಡಿಯಲ್ಲಿ ಏನು ತೋರಿಸುತ್ತಾರೆ ಗೊತ್ತಲ್ವಾ? ಚಿನ್ನದ ಬಣ್ಣದ ಒಂದು ತಗಡು. ಅದರ ಮಧ್ಯೆ ಒಂದು ಜೀರುಂಡೆ, ಇಲ್ಲದಿದ್ದರೆ ಒಂದು ಕಣ್ಣು. ಶಾಲೆಯ ನಾಟಕದ ಕ್ಲಿಯೋಪಾತ್ರಾಗೆ ಅಷ್ಟು ಸಾಕು. ಆದರೆ ಈಜಿಪ್ಟಿನವರು ಎರಡು ಸಾವಿರ ವರ್ಷಕ್ಕೂ ಜಾಸ್ತಿ ಕಾಲ ಬಿಡದೆ ತೊಟ್ಟ ಒಡವೆ ಇದಲ್ಲ. ಅದರ ಹೆಸರು ವೆಸೆಖ್. ಅರ್ಥ ಸರಳ: ಅಗಲವಾದದ್ದು. ಸಣ್ಣ ಸಣ್ಣ ಕೊಳವೆ ಮಣಿಗಳನ್ನು ನಿಲ್ಲಿಸಿ, ಸಾಲಿನ ಕೆಳಗೆ ಸಾಲು ಪೋಣಿಸಿ, ಕೊರಳಿಂದ ಭುಜದವರೆಗೆ ಹರಡಿಕೊಳ್ಳುವ ಹಾಗೆ ಮಾಡಿದ ಹಾರ. ಕೆಳ ಅಂಚಿಗೆ ಹನಿ ಆಕಾರದ ಮಣಿಗಳು. ಎರಡು ತುದಿಗೆ ಅರ್ಧಚಂದ್ರದಂಥ ಎರಡು ಬಿಲ್ಲೆ.

ಇದನ್ನು ಮನೆಯಲ್ಲಿ ಮಾಡಬಹುದು. ಕುಸುರಿ ಕೆಲಸ ಗೊತ್ತಿರಬೇಕು ಅಂತೇನಿಲ್ಲ. ಮಲ್ಲಿಗೆ ಕಟ್ಟುವಷ್ಟು ತಾಳ್ಮೆ ಮತ್ತು ನೂರರವರೆಗೆ ತಪ್ಪದೆ ಎಣಿಸುವ ಅಭ್ಯಾಸ ಇದ್ದರೆ ಆಯಿತು. ನಾನು ಇಲ್ಲಿಯವರೆಗೆ ನಾಲ್ಕು ಮಾಡಿದ್ದೇನೆ. ಮೂರು ಕೆಟ್ಟವು. ಹೇಗೆ ಕೆಟ್ಟವು ಅನ್ನುವುದನ್ನೂ ಹೇಳುತ್ತೇನೆ.

ಮೊದಲು ಮಣಿಯ ವಿಷಯ

ಹೊಸಬರು ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಫೇರೋಗಳ, ಅಂದರೆ ಈಜಿಪ್ಟಿನ ರಾಜರ ಒಡವೆ ಅಂದಮೇಲೆ ಬೆಲೆಬಾಳುವ ಕಲ್ಲೇ ಬೇಕು ಅಂದುಕೊಳ್ಳುತ್ತಾರೆ. ಕಲ್ಲುಗಳು ಇದ್ದವು, ನಿಜ. ಹಸಿರುನೀಲಿ ಬಣ್ಣದ ಫಿರೋಜಾ ಸಿನಾಯ್ ಬೆಟ್ಟಗಳಿಂದ ಬರುತ್ತಿತ್ತು. ಅಲ್ಲಿನ ಸೆರಾಬಿತ್ ಎಲ್ ಖಾದಿಮ್ ಗಣಿಗಳ ಪಕ್ಕದಲ್ಲೇ ಹಾಥೋರ್ ದೇವಿಗೆ ಗುಡಿ ಕಟ್ಟಿದ್ದರು, ಅವಳನ್ನು ಫಿರೋಜಾದ ಒಡತಿ ಅಂತಲೇ ಕರೆಯುತ್ತಿದ್ದರು. ಕಡುನೀಲಿ ಲ್ಯಾಪಿಸ್ ಲಾಜುಲಿ ಬರುತ್ತಿದ್ದದ್ದು ಇನ್ನೂ ದೂರದಿಂದ, ಇಂದಿನ ಅಫ್ಘಾನಿಸ್ತಾನದ ಬದಖ್ಶಾನ್‌ನಿಂದ. ಕೆಂಪು ಕಾರ್ನೀಲಿಯನ್ ಮಾತ್ರ ಅವರದೇ ಪೂರ್ವದ ಮರುಭೂಮಿಯಲ್ಲಿ ಸಿಗುತ್ತಿತ್ತು.

ಆದರೆ ವೆಸೆಖ್ ಹಾರಗಳಲ್ಲಿ ಅತಿ ಜಾಸ್ತಿ ಕಾಣುವ ಮಣಿ ಕಲ್ಲೇ ಅಲ್ಲ, ಫಯಾನ್ಸ್. ಪುಡಿ ಮಾಡಿದ ಬೆಣಚುಕಲ್ಲು, ಚೂರು ಸುಣ್ಣ, ನೇಟ್ರಾನ್ ಎಂಬ ಉಪ್ಪು ಅಥವಾ ಗಿಡದ ಬೂದಿ, ಬಣ್ಣಕ್ಕೆ ತಾಮ್ರ. ಎಲ್ಲವನ್ನೂ ನೀರಲ್ಲಿ ಕಲಸಿ, ಹುಲ್ಲುಕಡ್ಡಿಯ ಸುತ್ತ ಅಂಟಿಸುತ್ತಿದ್ದರು. ಒಣಗುವಾಗ ಒಳಗಿನ ಉಪ್ಪು ಮೇಲಕ್ಕೆ ಬರುತ್ತದೆ, ತೇವದ ಗೋಡೆಯ ಮೇಲೆ ಬಿಳಿ ಪುಡಿ ಏಳುತ್ತದಲ್ಲ, ಹಾಗೆ. ಗೂಡಿನಲ್ಲಿ 800ರಿಂದ 1000 ಡಿಗ್ರಿಯಲ್ಲಿ ಸುಟ್ಟರೆ ಆ ಉಪ್ಪೇ ಕರಗಿ ಗಾಜಿನ ಹೊದಿಕೆ ಆಗುತ್ತದೆ. ಕಡ್ಡಿ ಉರಿದುಹೋಗಿ ತೂತು ಉಳಿಯುತ್ತದೆ. ಹೊಳೆಯುವ ಹಸಿರುನೀಲಿ ಮಣಿ ಸಿದ್ಧ. ಇದಕ್ಕೆ ಅವರಿಟ್ಟ ಹೆಸರಿಗೆ ಹೊಳೆಯುವುದು ಅಂತಲೇ ಅರ್ಥ.

ಅಂದರೆ ಫಿರೋಜಾ ಥರ ಕಾಣಲಿ ಅಂತ ಅವರೇ ಮಾಡಿಕೊಂಡ ಮಣಿ ಅದು. ಅದರಲ್ಲಿ ಅವರಿಗೆ ಸಂಕೋಚವೇನೂ ಇರಲಿಲ್ಲ. ಚಿನ್ನದ ಪಕ್ಕದಲ್ಲೇ ಪೋಣಿಸಿದರು, ಸತ್ತವರ ಜೊತೆಗೂ ಕಳಿಸಿದರು. ನನಗೆ ಇದು ಗೊತ್ತಾದ ದಿನ ಕಲ್ಲಿನ ಆಸೆ ಬಿಟ್ಟೆ. ಹಸಿರುನೀಲಿ ಗಾಜಿನ ಮಣಿ ತಂದರೆ ನೀವು ಈಜಿಪ್ಟಿನವರಿಗೆ ಮೋಸವೇನೂ ಮಾಡಿದಂತಲ್ಲ. ದುಡ್ಡು ಉಳಿಸಿ, ಗಮನವನ್ನು ಎಣಿಕೆಗೆ ಕೊಡಿ.

ನೋಡಿ ಕಲಿಯುವುದಕ್ಕೆ ಒಂದು ಹಾರ ಹೇಳುತ್ತೇನೆ. ಸುಮಾರು ನಾಲ್ಕು ಸಾವಿರ ವರ್ಷದ ಹಿಂದೆ ಈಜಿಪ್ಟಿನ ಥೀಬ್ಸ್ ಪಟ್ಟಣದಲ್ಲಿ ವಾಹ್ ಅಂತ ಒಬ್ಬ ಇದ್ದ. ರಾಜನಲ್ಲ, ಮೆಕೆತ್ರೆ ಎಂಬ ದೊಡ್ಡ ಅಧಿಕಾರಿಯ ಉಗ್ರಾಣ ನೋಡಿಕೊಳ್ಳುತ್ತಿದ್ದವನು. 1920ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತಂಡಕ್ಕೆ ಅವನ ಸಮಾಧಿ ಸಿಕ್ಕಿತು. ಬಟ್ಟೆ ಸುತ್ತಿದ ದೇಹ, ಅಷ್ಟೇ ಅಂದುಕೊಂಡಿದ್ದರು. ವರ್ಷಗಳಾದ ಮೇಲೆ ಎಕ್ಸ್‌ರೇ ತೆಗೆದಾಗ ಬಟ್ಟೆಯ ಪದರಗಳ ಒಳಗೆ ಒಡವೆ ಕಾಣಿಸಿತು. ಅದರಲ್ಲಿ ಒಂದು ಹಸಿರುನೀಲಿ ಫಯಾನ್ಸ್‌ನ ಅಗಲ ಹಾರ. ಕೊಳವೆಗಳ ಸಾಲು, ಕೆಳಗೆ ಹನಿ ಮಣಿ, ತುದಿಗೆ ಅರ್ಧಚಂದ್ರ. ಮ್ಯೂಸಿಯಂನ ವೆಬ್‌ಸೈಟಿನಲ್ಲಿ ಚಿತ್ರ ಇದೆ. ದೊಡ್ಡದು ಮಾಡಿ ನೋಡಿ. ನಾವು ಮಾಡುವುದು ಅದರ ಚಿಕ್ಕ ತಮ್ಮ: ಮೂರೇ ಸಾಲು, ಎದೆಯ ಕಡೆ ಅರ್ಧ ವೃತ್ತ, ಹಿಂದೆ ದಾರ.

ಏನೇನು ತರಬೇಕು

ಗಾಜಿನ ಕೊಳವೆ ಮಣಿ, 1 ಸೆಂಟಿಮೀಟರ್ ಉದ್ದದ್ದು. ಲೆಕ್ಕದ ಪ್ರಕಾರ 255 ಬೇಕು, 300 ತನ್ನಿ. ಬ್ಲೌಸಿಗೆ ಆರಿ ವರ್ಕ್ ಮಾಡುವವರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಪೈಪ್ ಬೀಡ್ಸ್ ಅಂತ ಕೇಳಿದರೆ ಕೊಡುತ್ತಾರೆ. ದಪ್ಪ 2ರಿಂದ 2.5 ಮಿಲಿಮೀಟರ್ ಇರಲಿ. 3ಕ್ಕಿಂತ ದಪ್ಪ ಬೇಡ, ಪಕ್ಕದ ಮಣಿಯನ್ನು ತಳ್ಳುತ್ತದೆ.

3 ಮಿಲಿಮೀಟರಿನ ಗುಂಡು ಮಣಿ, 370 ಬೇಕು, 420 ತನ್ನಿ. ಇವು ಚಿನ್ನದ ಬಣ್ಣದವಾದರೂ ಸರಿ, ಕೆಂಪಾದರೂ ಸರಿ. ಒಂದೇ ಅಳತೆಯವಾಗಿರಬೇಕು ಅನ್ನುವುದು ಮುಖ್ಯ. ಆರಿಯವರ ಶುಗರ್ ಬೀಡ್ಸ್ ಈ ಕೆಲಸಕ್ಕೆ ತೀರಾ ಚಿಕ್ಕದು.

ಹನಿ ಆಕಾರದ ಮಣಿ 27. ತೂತು ಮೇಲ್ತುದಿಯಲ್ಲಿ ಅಡ್ಡಕ್ಕೆ ಇರಬೇಕು.

ದಾರದ ಬಗ್ಗೆ ರಾಜಿ ಬೇಡ. ಹಳೆಯ ಹಾರಗಳು ಅಗಸೆ ಗಿಡದ ನಾರಿನ ದಾರದ್ದು, ಹಾಗಾಗಿ ನಾನೂ ನೈಜವಾಗಿರಲಿ ಅಂತ ಎರಡನೇ ಹಾರಕ್ಕೆ ಹತ್ತಿ ದಾರ ಹಾಕಿದೆ. ಅಕ್ಕನ ಮಗನ ಮುಂಜಿಯ ದಿನ ಛತ್ರದಲ್ಲಿ ಊಟಕ್ಕೆ ಕೂತಾಗ ಫಟ್ ಅಂತ ಹರಿಯಿತು. ಬಡಿಸುವವರ ಕಾಲಡಿ ಮಣಿಗಳು ಉರುಳಾಡಿದವು. ಎಲೆಯಲ್ಲಿದ್ದ ಕೋಸಂಬರಿಯಲ್ಲೂ ಎರಡು ಸಿಕ್ಕವು. ಗಾಜಿನ ಕೊಳವೆಯ ಅಂಚು ಚೂಪಾಗಿರುತ್ತದೆ, ಹತ್ತಿಯನ್ನು ದಿನಾ ಸ್ವಲ್ಪ ಸ್ವಲ್ಪ ಕೊಯ್ಯುತ್ತಲೇ ಇರುತ್ತದೆ. ಮೀನು ಹಿಡಿಯುವ ಸಾಮಾನು ಮಾರುವಲ್ಲಿ ಹೆಣೆದ ದಾರ ಸಿಗುತ್ತದೆ, ಅದರಲ್ಲಿ ತೆಳುವಾದದ್ದು ಇದಕ್ಕೆ ಹೇಳಿ ಮಾಡಿಸಿದಂತಿದೆ. ಅದಿಲ್ಲದಿದ್ದರೆ ಗಟ್ಟಿ ನೈಲಾನ್ ದಾರ. ಹಿಗ್ಗುವ ರಬ್ಬರ್ ದಾರ ಮಾತ್ರ ಬೇಡವೇ ಬೇಡ.

ಇನ್ನು ಮಣಿ ಪೋಣಿಸುವ ತೆಳು ಸೂಜಿ ನಾಲ್ಕೈದು (ಬಾಗುತ್ತವೆ, ಮುರಿಯುತ್ತವೆ), ಸ್ವಲ್ಪ ಜೇನುಮೇಣ, ಹಳೆಯ ಚರ್ಮದ ಬೆಲ್ಟಿನ ಒಂದು ತುಂಡು, ಪರೀಕ್ಷೆಗೆ ಒಯ್ಯುತ್ತಿದ್ದ ಪ್ಯಾಡ್, ಅಂಟುಪಟ್ಟಿ, ಹಳೆಯ ಪೇಪರ್. ಬೆಂಗಳೂರಿನವರಿಗೆ ಚಿಕ್ಕಪೇಟೆ ಕಡೆ ಒಂದು ಸುತ್ತು ಹಾಕಿದರೆ ಮಣಿಯ ಸಾಮಾನೆಲ್ಲ ಸಿಗುತ್ತದೆ. ಬೇರೆ ಊರಿನವರು ಆರಿ ಅಂಗಡಿಯಿಂದ ಶುರುಮಾಡಿ.

ಕಲ್ಲೇ ಬೇಕು ಅಂತ ಹಟ ಇದ್ದರೆ ಒಂದು ಎಚ್ಚರಿಕೆ. ಅಗ್ಗದ ಫಿರೋಜಾ ಮಣಿ ಬಹಳ ಸಲ ಹೌಲೈಟ್ ಎಂಬ ಬಿಳಿ ಕಲ್ಲಿಗೆ ಬಣ್ಣ ಹಾಕಿದ್ದಾಗಿರುತ್ತದೆ. ನನ್ನ ಮೂರನೇ ಹಾರ ಒಂದು ಬೇಸಿಗೆಯ ಬೆವರಿಗೇ ಬಣ್ಣ ಬಿಟ್ಟು ಬಿಳಿ ಕುರ್ತಾದ ಕೊರಳಿಗೆ ನೀಲಿ ಗೆರೆ ಎಳೆಯಿತು. ಮಾರಿದವರನ್ನು ಕೇಳಿದರೆ ಕಲ್ಲು ಉಸಿರಾಡುತ್ತದೆ ಮೇಡಂ ಅಂದರು. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಹತ್ತಿ ಅದ್ದಿ ಒಂದು ಮಣಿ ಒರೆಸಿ ನೋಡಿ. ಹತ್ತಿ ನೀಲಿಯಾದರೆ ಅದು ಬಣ್ಣ ಬಳಿದ ಮಣಿಯೇ. ಕಾರ್ನೀಲಿಯನ್ ಕೊಳ್ಳುವುದು ಸುಲಭ, ನಮ್ಮ ಗುಜರಾತಿನ ಖಂಭಾತ್‌ನಲ್ಲಿ ಇವತ್ತಿಗೂ ಅದನ್ನು ಕೊರೆದು ಮಣಿ ಮಾಡುತ್ತಾರೆ. ಗುಂಡು ಮಣಿಗಳ ಜಾಗದಲ್ಲಿ ಅದನ್ನು ಹಾಕಿದರೆ ಹಾರದ ಕಳೆಯೇ ಬೇರೆ.

ಈಜಿಪ್ಟಿಗೆ ಹೋಗಿ ಬರುವವರಿಗೆ ಇನ್ನೊಂದು ಮಾತು. ಅಸಲಿ ಮಮ್ಮಿ ಮಣಿ ಅಂತ ಯಾರಾದರೂ ಕೈಗಿಟ್ಟರೆ ಕೊಳ್ಳಬೇಡಿ. 1983ರ ಕಾನೂನಿನಿಂದ ಅಲ್ಲಿ ಪ್ರಾಚೀನ ವಸ್ತುಗಳ ವ್ಯಾಪಾರ ನಿಂತಿದೆ. ಮಣಿ ನಕಲಿಯಾದರೆ ದುಡ್ಡು ಹೋಯಿತು, ಅಸಲಿಯಾದರೆ ನೀವು ಸಿಕ್ಕಿಬಿದ್ದಿರಿ.

ಹೆಜ್ಜೆ 1: ಪೇಪರಿನ ಹಾರ

ಸೂಜಿ ಮುಟ್ಟುವ ಮೊದಲು ಪೇಪರ್ ಕತ್ತರಿಸಿ. ಹಳೆಯ ಪೇಪರಿನ ಮೇಲೆ ಒಂದು ಚುಕ್ಕಿ ಇಡಿ. ಅದರಿಂದ 7 ಸೆಂಟಿಮೀಟರ್ ದೂರದಲ್ಲಿ ಅರ್ಧ ವೃತ್ತ ಎಳೆಯಿರಿ. ಅದೇ ಚುಕ್ಕಿಯಿಂದ 8.3, 9.6, 10.9 ಸೆಂಟಿಮೀಟರಿಗೆ ಇನ್ನೂ ಮೂರು. ಒಳಗಿನ ಗೆರೆ ಮತ್ತು ಹೊರಗಿನ ಗೆರೆಯ ಮೇಲೆ ಕತ್ತರಿಸಿ, ಕೊರಳಿಗೆ ಹಿಡಿದು ಕನ್ನಡಿ ನೋಡಿ. ಬಿಗಿ ಅನಿಸಿದರೆ ಎಲ್ಲಾ ಅಳತೆಗೂ ಅರ್ಧ ಸೆಂಟಿಮೀಟರ್ ಸೇರಿಸಿ.

ಯಾಕೆ 1.3ರ ಅಂತರ? ಕೊಳವೆ 1 ಸೆಂಟಿಮೀಟರ್, ಅದರ ಕೆಳಗಿನ ಗುಂಡು ಮಣಿ 0.3. ಒಂದು ಸಾಲು ಕೆಳಗಿಳಿದಾಗ ಅರ್ಧ ವೃತ್ತದ ಉದ್ದ 1.3ನ್ನು 3.14ರಿಂದ ಗುಣಿಸಿದಷ್ಟು, ಅಂದರೆ ಸುಮಾರು 4 ಸೆಂಟಿಮೀಟರ್ ಹಿಗ್ಗುತ್ತದೆ. ಅಷ್ಟು ಜಾಗ ತುಂಬುವುದಕ್ಕೆ 13 ಗುಂಡು ಮಣಿ ಬೇಕು. ಹಾರದ ಗುಟ್ಟೆಲ್ಲ ಈ ಒಂದು ಲೆಕ್ಕದಲ್ಲಿದೆ. ಕ್ರೋಷಾದಲ್ಲಿ ದುಂಡನೆಯ ಮ್ಯಾಟ್ ಹೆಣೆದವರಿಗೆ ಇದು ಹೊಸದಲ್ಲ, ಪ್ರತಿ ಸುತ್ತಿಗೂ ಇಷ್ಟು ಮನೆ ಹೆಚ್ಚಿಸಬೇಕು ಅನ್ನುತ್ತೇವಲ್ಲ, ಅದೇ.

ಈ ಲೆಕ್ಕ ಗೊತ್ತಿಲ್ಲದೆ ಮಾಡಿದ ನನ್ನ ಮೊದಲ ಹಾರದಲ್ಲಿ ಎಲ್ಲಾ ಸಾಲಿಗೂ ಒಂದೇ ಸಂಖ್ಯೆಯ ಮಣಿ. ಅದು ಎದೆಯ ಮೇಲೆ ಮಲಗಲೇ ಇಲ್ಲ. ಕೊರಳಪಟ್ಟಿಯ ಹಾಗೆ ಎದ್ದು ನಿಂತಿತು. ಈಗ ಅದು ದೇವರ ಮನೆಯಲ್ಲಿ ಕಳಶದ ಸುತ್ತ ಇದೆ, ಅಲ್ಲಿ ಚೆನ್ನಾಗಿ ಕೂತಿದೆ.

ಹೆಜ್ಜೆ 2: ಆರಿಸುವುದು

ಅಕ್ಕಿ ಆರಿಸುವ ಹಾಗೆ ಕೊಳವೆಗಳನ್ನು ತಟ್ಟೆಯಲ್ಲಿ ಹರಡಿ. ಮೊನೆ ಮುರಿದದ್ದು, ಗಿಡ್ಡ, ಉದ್ದ, ತೂತು ಮುಚ್ಚಿದ್ದು ಎಲ್ಲವನ್ನೂ ಪಕ್ಕಕ್ಕಿಡಿ. ಬೇಜಾರಿನ ಕೆಲಸ, ಆದರೆ ಬಿಡುವ ಹಾಗಿಲ್ಲ. ಒಂದು ಗಿಡ್ಡ ಕೊಳವೆ ಸಾಲಿನ ಮಧ್ಯೆ ಸೇರಿದರೆ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತದೆ. ಅಂಚು ಚೂಪಾಗಿದೆ ಅನಿಸಿದ್ದನ್ನು ಉಗುರು ತೀಡುವ ಅರದಿಂದ ಎರಡು ಸಲ ಉಜ್ಜಿ.

ಮಣಿ ಕೊರೆಯುವವರ ಕಷ್ಟ ನೆನೆದರೆ ಇದು ಏನೂ ಅಲ್ಲ ಬಿಡಿ. ಮೂರನೇ ಥಟ್ಮೋಸ್‌ನ ಮಂತ್ರಿ ರೆಖ್ಮಿರೆಯ ಸಮಾಧಿಯ ಗೋಡೆಯಲ್ಲಿ ಒಂದು ಚಿತ್ರ ಇದೆ. ಕುಶಲಕರ್ಮಿ ಒಂದೇ ಬಿಲ್ಲಿನ ಹಗ್ಗದಿಂದ ಹಲವು ಕೊರೆಕಡ್ಡಿಗಳನ್ನು ಒಟ್ಟಿಗೆ ತಿರುಗಿಸಿ ಗಟ್ಟಿ ಕಲ್ಲಿನ ಮಣಿಗಳಿಗೆ ತೂತು ಹಾಕುತ್ತಿದ್ದಾನೆ. ಸಕ್ಕಾರಾದ ಮೆರೆರುಕನ ಸಮಾಧಿಯಲ್ಲಿ ಕುಳ್ಳ ಕುಶಲಕರ್ಮಿಗಳು ಇಂಥದ್ದೇ ಅಗಲ ಹಾರಗಳನ್ನು ಕೈಯಲ್ಲಿ ಹಿಡಿದು ಕೆಲಸ ಮಾಡುತ್ತಿದ್ದಾರೆ.

ಹೆಜ್ಜೆ 3: ಬುಡದ ಸಾಲು

ದಾರಕ್ಕೆ ಜೇನುಮೇಣ ಸವರಿ. ಜಾರುವುದಿಲ್ಲ, ಸಿಕ್ಕೂ ಆಗುವುದಿಲ್ಲ. ಎರಡೆಳೆ ಮಾಡಿ 73 ಗುಂಡು ಮಣಿ ಪೋಣಿಸಿ. ಎರಡೂ ಕಡೆ 20 ಸೆಂಟಿಮೀಟರ್ ದಾರ ಉಳಿದಿರಲಿ, ಕೊನೆಗೆ ಬೇಕಾಗುತ್ತದೆ. ಪ್ಯಾಡಿನ ಮೇಲೆ ಪೇಪರಿನ ಹಾರ ಅಂಟಿಸಿ, ಅದರ ಒಳಗೆರೆಯ ಮೇಲೆ ಈ ಸಾಲನ್ನು ಮಲಗಿಸಿ, ತುದಿಗಳಿಗೆ ಅಂಟುಪಟ್ಟಿ ಹಾಕಿ. ತೀರಾ ಬಿಗಿಯಾಗಿ ಎಳೆಯಬೇಡಿ. ಒಂದು ಮಣಿಯಷ್ಟು ಸಡಿಲ ಇರಲಿ.

ಕೊರಳು ದೊಡ್ಡದಾಗಿ ಅಳತೆ ಬದಲಿಸಿದ್ದರೆ ಮಣಿ ಎಷ್ಟು? ಒಳಗೆರೆಯ ಅಳತೆಯನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು 3.14ರಿಂದ ಗುಣಿಸಿ 3ರಿಂದ ಭಾಗಿಸಿ. 75 ಆದರೆ ಸುಮಾರು 78 ಮಣಿ.

ಹೆಜ್ಜೆ 4: ಕೊಳವೆ ನೇತುಹಾಕುವುದು

ಹೊಸ ದಾರ, ಒಂದೆಳೆ, ಎರಡು ಮೀಟರಿಗಿಂತ ಉದ್ದ ಬೇಡ. ಬುಡದ ಸಾಲಿನ ತುದಿಯಲ್ಲಿ ಗಂಟು ಹಾಕಿ ಮೊದಲ ಗುಂಡು ಮಣಿಯೊಳಗಿಂದ ಸೂಜಿ ಹೊರಗೆ ತನ್ನಿ. ಈಗ ಒಂದು ಕೊಳವೆ, ಅದರ ಕೆಳಗೆ ಒಂದು ಗುಂಡು ಮಣಿ ಪೋಣಿಸಿ. ಗುಂಡು ಮಣಿಯನ್ನು ತಡೆಯಾಗಿ ಬಿಟ್ಟು, ಸೂಜಿಯನ್ನು ವಾಪಸ್ ಅದೇ ಕೊಳವೆಯೊಳಗೆ ಮೇಲಕ್ಕೆ ತನ್ನಿ. ಮೇಲೆ ಬಂದ ಸೂಜಿಯನ್ನು ಬುಡದ ಸಾಲಿನ ಮುಂದಿನ ಮಣಿಯೊಳಗೆ ತೂರಿಸಿ. ಮತ್ತೆ ಕೊಳವೆ, ಗುಂಡು ಮಣಿ, ವಾಪಸ್. ಎರಡು ಗುಂಡು ಮಣಿಗಳ ನಡುವಿನ ಸಂದಿಗೆ ಒಂದು ಕೊಳವೆ. 73 ಮಣಿಗೆ 72 ಸಂದಿ, ಹಾಗಾಗಿ 72 ಕೊಳವೆ.

ತಡೆಯಾಗಿ ಬಿಟ್ಟ ಗುಂಡು ಮಣಿಯನ್ನು ಸ್ವಲ್ಪ ಗಮನಿಸಿ. ದಾರ ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆಯಿಂದ ಬಂದಿರುವುದರಿಂದ ಅದು ಅಡ್ಡಕ್ಕೆ ತಿರುಗಿರುತ್ತದೆ. ಅದರ ತೂತು ಈಗ ಪಕ್ಕದ ಮಣಿಯ ಕಡೆ ಮುಖ ಮಾಡಿದೆ. ಮುಂದಿನ ಹೆಜ್ಜೆ ನಡೆಯುವುದೇ ಇದರಿಂದ.

ದಾರ ಮುಗಿಯುತ್ತಾ ಬಂದರೆ ನಾಲ್ಕೈದು ಬುಡದ ಮಣಿಗಳಲ್ಲಿ ಹಿಂದಕ್ಕೆ ತೂರಿಸಿ, ಮಧ್ಯೆ ಎರಡು ಕಡೆ ಗಂಟು ಹಾಕಿ ಕತ್ತರಿಸಿ. ಹೊಸ ದಾರವನ್ನೂ ಹಾಗೆಯೇ ಒಳಗೆ ತನ್ನಿ. ಗಂಟನ್ನು ಕೊಳವೆಯ ಬಾಯಿಗೆ ತಂದು ನಿಲ್ಲಿಸಬೇಡಿ, ಅಲ್ಲಿ ಚೂಪು ಜಾಸ್ತಿ. ಒಂದು ಹೊತ್ತಿನಲ್ಲಿ ಇಷ್ಟು ಸಾಕು. ಕಣ್ಣಿಗೆ ನೋವಾಗುತ್ತದೆ, ಎಣಿಕೆ ತಪ್ಪುತ್ತದೆ. ನಾನು ಹತ್ತು ಹತ್ತು ಕೊಳವೆಗೆ ಪೇಪರಿನ ಅಂಚಿನಲ್ಲಿ ಒಂದು ಗೀಟು ಹಾಕಿಕೊಳ್ಳುತ್ತೇನೆ, ಹಾಲಿನ ಲೆಕ್ಕದ ಹಾಗೆ.

ಹೆಜ್ಜೆ 5: ಹಿಗ್ಗಿಸುವುದು

ಇನ್ನೊಂದು ದಾರ ತೆಗೆದುಕೊಳ್ಳಿ. 20 ಸೆಂಟಿಮೀಟರ್ ಬಾಲ ಬಿಟ್ಟು, ಅಡ್ಡಕ್ಕೆ ತಿರುಗಿದ ಗುಂಡು ಮಣಿಗಳೊಳಗೆ ಸೂಜಿ ತೂರಿಸುತ್ತಾ ಹೋಗಿ. ಐದು ಮಣಿ ದಾಟಿದ ಮೇಲೆ ಹೊಸದೊಂದು ಗುಂಡು ಮಣಿ ಸೇರಿಸಿ. ಮತ್ತೆ ಐದು, ಮತ್ತೆ ಹೊಸದು. ಹೀಗೆ ಸಾಲು ಮುಗಿಯುವಾಗ 14 ಹೊಸ ಮಣಿ ಸೇರಿ (73 ಇದ್ದದ್ದು 72 ಆಗಿದೆಯಲ್ಲ, ಅದಕ್ಕೇ 13ರ ಬದಲು 14), 72 ಹೋಗಿ 86 ಆಗಿರುತ್ತದೆ. ಇನ್ನೊಂದು ಸಲ ಅದೇ ದಾರಿಯಲ್ಲಿ ದಾರ ವಾಪಸ್ ತನ್ನಿ, ಗಟ್ಟಿಯಾಗುತ್ತದೆ. ಆ ಕಡೆಯ ತುದಿಯಲ್ಲೂ ಒಂದು ಬಾಲ ಉಳಿಯಲಿ.

ಈ 86 ಮಣಿಗಳೇ ಎರಡನೇ ಸಾಲಿನ ಬುಡ. ಇದಕ್ಕೆ 85 ಕೊಳವೆ ನೇತುಹಾಕಿ. ಈಗ ಆರು ಆರಕ್ಕೆ ಒಂದು ಹೊಸ ಮಣಿ. ಆದರೆ ಮೊದಲನೆಯದನ್ನು ಮೂರನೇ ಮಣಿಯ ನಂತರವೇ ಸೇರಿಸಿ, ಆಮೇಲೆ ಆರಾರು. ಒಟ್ಟು 99 ಆಗುತ್ತದೆ. ಮೂರನೇ ಸಾಲಿಗೆ 98 ಕೊಳವೆ, ಏಳೇಳಕ್ಕೆ ಒಂದು ಹೊಸ ಮಣಿ, ಮೊದಲನೆಯದು ನಾಲ್ಕರ ನಂತರ. ಒಟ್ಟು 112. ಐದು, ಆರು, ಏಳು ಅಂತ ನೆನಪಿಟ್ಟುಕೊಂಡರೆ ಸಾಕು. ಶುರುವಿನ ಜಾಗ ಬದಲಿಸುವುದು ಯಾಕೆಂದರೆ, ಹೊಸ ಮಣಿಗಳೆಲ್ಲ ಒಂದರ ಕೆಳಗೊಂದು ಬಂದರೆ ಅಲ್ಲಿ ಬಿರುಕು ಬಿಟ್ಟಂತೆ ಗೆರೆ ಕಾಣುತ್ತದೆ.

ಪ್ರತಿ ಸಾಲಾದ ಮೇಲೆ ಅಂಟುಪಟ್ಟಿ ಬಿಡಿಸಿ ಹಾರವನ್ನು ಮೇಜಿನ ಮೇಲೆ ಹಾಗೇ ಇಡಿ. ಸಮವಾಗಿ ಮಲಗಿದರೆ ಎಲ್ಲ ಸರಿ. ಕೆಳ ಅಂಚು ಬಟ್ಟಲಿನಂತೆ ಮೇಲೆದ್ದರೆ ಹೊಸ ಮಣಿ ಕಡಿಮೆ ಆಯಿತು, ಅಥವಾ ದಾರ ಜಾಸ್ತಿ ಬಿಗಿಯಾಯಿತು. ಫಾಲ್ ಸರಿಯಾಗಿ ಹೊಲಿಯದ ಸೀರೆಯ ಅಂಚಿನ ಥರ ಅಲೆ ಅಲೆಯಾದರೆ ಹೊಸ ಮಣಿ ಜಾಸ್ತಿ ಆಯಿತು. ಅಡ್ಡ ದಾರವನ್ನಷ್ಟೇ ಎಳೆದು ತೆಗೆದು ಒಂದೆರಡು ಮಣಿ ಹೆಚ್ಚುಕಡಿಮೆ ಮಾಡಿ. ಕೊಳವೆ ಬಿಚ್ಚಬೇಕಾಗಿಲ್ಲ. ಮುಂದಿನ ಸಾಲಿಗೆ ಹೋದ ಮೇಲೆ ಸರಿ ಮಾಡುತ್ತೇನೆ ಅಂದುಕೊಳ್ಳಬೇಡಿ, ಆಗ ಎಲ್ಲಾ ಬಿಚ್ಚಬೇಕು. ನನ್ನ ಕೈ ಬಿಗಿ, ಹಾಗಾಗಿ ನನಗೆ ಯಾವಾಗಲೂ ಒಂದು ಮಣಿ ಜಾಸ್ತಿಯೇ ಬೇಕಾಗುತ್ತದೆ.

ಬಣ್ಣದ ಬಗ್ಗೆ ಕೇಳುತ್ತೀರಿ, ಗೊತ್ತು. ನಾಲ್ಕನೆಯದರಲ್ಲಿ ನಾನು ಮೊದಲ ಸಾಲು ಹಸಿರುನೀಲಿ, ಎರಡನೆಯದು ಕಡುನೀಲಿ, ಮೂರನೆಯದು ಮತ್ತೆ ಹಸಿರುನೀಲಿ ಮಾಡಿದೆ. ಗುಂಡು ಮಣಿಯೆಲ್ಲ ಕೆಂಪು. ಅವರ ಕಣ್ಣಿಗೆ ಹಸಿರು ಅಂದರೆ ಚಿಗುರು, ಹೊಸ ಜೀವ. ಕಡುನೀಲಿ ದೇವರ ಬಣ್ಣ. ದೇವರುಗಳ ಮೈ ಚಿನ್ನದ್ದು, ಎಲುಬು ಬೆಳ್ಳಿಯದು, ಕೂದಲು ಲ್ಯಾಪಿಸ್‌ನದು ಅಂತ ನಂಬಿದ್ದರು. ಕೆಂಪು ರಕ್ತದ, ಬಿಸಿಲಿನ ಬಣ್ಣ. ಮೊದಲ ಸಲ ಮಾಡುವವರಿಗೆ ನನ್ನ ಸಲಹೆ, ವಾಹ್‌ನ ಹಾಗೆ ಒಂದೇ ಹಸಿರುನೀಲಿ. ಒಂದೇ ಬಣ್ಣದಲ್ಲಿ ಸಾಲುಗಳ ನೆರಳು ಚೆನ್ನಾಗಿ ಕಾಣುತ್ತದೆ, ಸಣ್ಣಪುಟ್ಟ ತಪ್ಪು ಮುಚ್ಚಿಹೋಗುತ್ತದೆ. ಬಣ್ಣಬಣ್ಣದ ಆಸೆ ಇರುವವರು ಅಖೆನಾತೆನ್ ಎಂಬ ಫೇರೋ ಕಟ್ಟಿಸಿದ ಅಮರ್ನಾ ಪಟ್ಟಣದ ಹಾರಗಳನ್ನು ನೋಡಿ. ಅಲ್ಲಿ ಕೊಳವೆ ಬಿಟ್ಟು ಫಯಾನ್ಸ್‌ನಲ್ಲೇ ಹೂವಿನ ಎಸಳು, ದ್ರಾಕ್ಷಿ, ಖರ್ಜೂರ ಅಚ್ಚು ಹಾಕಿದರು. ಆ ಮಣ್ಣಿನ ಅಚ್ಚುಗಳೇ ಅಲ್ಲಿ ಸಾವಿರಗಟ್ಟಲೆ ಸಿಕ್ಕಿವೆ. ಫೇರೋ ಟುಟಾಂಖಾಮನ್‌ನ ಅಂತ್ಯಕ್ರಿಯೆಗೆ ಬಂದವರು ಹಾಕಿಕೊಂಡಿರಬಹುದಾದ ನಿಜವಾದ ಹೂವಿನ ಹಾರಗಳೂ ಉಳಿದಿವೆ, ಆಲಿವ್ ಎಲೆ, ನೀಲಿ ಹೂವು, ಮಧ್ಯೆ ಫಯಾನ್ಸ್ ಮಣಿ ಸೇರಿಸಿ ಕಟ್ಟಿದ್ದು. ಮಣಿಯ ಹಾರ ಹೂವಿನ ಹಾರದ ನೆನಪು ಅನ್ನುವುದು ಅದನ್ನು ನೋಡಿದರೆ ತಿಳಿಯುತ್ತದೆ.

ಹೆಜ್ಜೆ 6: ಹನಿಗಳು

112 ಮಣಿಗಳಿಗೆ 111 ಸಂದಿ. ನಾಲ್ಕನೇ ಸಂದಿಯಿಂದ ಶುರುಮಾಡಿ ನಾಲ್ಕು ನಾಲ್ಕಕ್ಕೆ ಒಂದು ಹನಿ ಹಾಕುತ್ತಾ ಹೋದರೆ 108ನೇ ಸಂದಿಗೆ 27ನೆಯ ಹನಿ ಬರುತ್ತದೆ. ಮಧ್ಯದ 56ನೇ ಸಂದಿಗೂ ಸರಿಯಾಗಿ ಒಂದು ಬೀಳುತ್ತದೆ. ಎಡಬಲ ಸಮ. ಈ ಲೆಕ್ಕ ಕೂಡಿ ಬಂದ ದಿನ ನಾನು ಒಬ್ಬಳೇ ಕೂತು ನಕ್ಕಿದ್ದೆ.

ಹೆಜ್ಜೆ 7: ತುದಿಯ ಬಿಲ್ಲೆ

ಬೆಲ್ಟಿನ ಚರ್ಮದಲ್ಲಿ ಎರಡು ಅರ್ಧಚಂದ್ರ ಕತ್ತರಿಸಿ. ನೇರ ಅಂಚು ಸುಮಾರು 5 ಸೆಂಟಿಮೀಟರ್. ಅದರ ಪಕ್ಕದಲ್ಲಿ 1.3 ಸೆಂಟಿಮೀಟರ್ ಅಂತರಕ್ಕೆ ನಾಲ್ಕು ತೂತು, ದುಂಡನೆಯ ಕಡೆ ಮೇಲ್ಭಾಗದಲ್ಲಿ ಒಂದು ದೊಡ್ಡ ತೂತು. ಚಿನ್ನದ ಬಣ್ಣ ಬಳಿದು ಒಣಗಿಸಿ. ರಾಜಮನೆತನದ ಹಾರಗಳಲ್ಲಿ ಈ ಜಾಗಕ್ಕೆ ಗಿಡುಗನ ತಲೆ ಇರುತ್ತಿತ್ತು. ಚಿತ್ರ ಬರೆಯಲು ಬರುವವರು ಬಿಡಿಸಿಕೊಳ್ಳಿ. ನಾನು ಬಿಡಿಸಿದ ಗಿಡುಗ ಕೋಳಿಯಂತೆ ಕಂಡಿತು, ಅಳಿಸಿದೆ.

ಈಗ ನಾಲ್ಕು ಅಡ್ಡ ಸಾಲುಗಳ ಬಾಲಗಳನ್ನು ನಾಲ್ಕು ತೂತುಗಳಲ್ಲಿ ಹಿಂದಕ್ಕೆ ತೂರಿಸಿ. ಮೊದಲು ಎಲ್ಲವನ್ನೂ ಒಂದೇ ಬಿಗಿಗೆ ಎಳೆದು, ಹಾರ ಸಮವಾಗಿ ಮಲಗಿದೆಯಾ ನೋಡಿ, ಆಮೇಲೆ ಗಂಟು. ಒಂದೊಂದಕ್ಕೂ ಮೂರು ಗಂಟು, ಮೇಲೆ ಒಂದು ಹನಿ ಅಂಟು. ಹಿಂದೆ ಬಟ್ಟೆಯ ತುಂಡು ಅಂಟಿಸಿ ಮುಚ್ಚಿ. ಈ ಗಂಟಿನ ಬಗ್ಗೆ ಅನುಮಾನ ಇದ್ದರೆ ಕರಿಮಣಿ ಪೋಣಿಸಿಕೊಡುವವರ ಹತ್ತಿರ ಒಂದು ಸಲ ಹೋಗಿ ಕೂತು ನೋಡಿ. ನಾನು ಕಲಿತದ್ದು ಹಾಗೆಯೇ. ಅವರು ಗಂಟು ಬಿಗಿಯುವ ಮೊದಲು ದಾರವನ್ನು ಒಮ್ಮೆ ಒದ್ದೆ ಮಾಡುತ್ತಾರೆ, ಗಮನಿಸಿ.

ದೊಡ್ಡ ತೂತಿಗೆ 25 ಸೆಂಟಿಮೀಟರಿನ ಎರಡು ಹೆಣೆದ ದಾರ ಕಟ್ಟಿ. ಕೊರಳ ಹಿಂದೆ ಕಟ್ಟಿಕೊಳ್ಳಬಹುದು, ಕೊಕ್ಕೆಯ ತಲೆನೋವಿಲ್ಲ.

ಹೆಜ್ಜೆ 8: ಬೆನ್ನಿನ ಭಾರ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮುಂದೆ ಅಷ್ಟು ಗಾಜು, ಹಿಂದೆ ಬರೀ ದಾರ. ಬಗ್ಗಿದರೆ ಹಾರವೆಲ್ಲ ಮುಂದಕ್ಕೆ ಜಾರುತ್ತದೆ. ಭಾರದ ಹಾರಗಳಿಗೆ ಈಜಿಪ್ಟಿನವರು ಬೆನ್ನ ಮೇಲೆ ಒಂದು ತೂಕದ ಬಿಲ್ಲೆ ಇಳಿಬಿಡುತ್ತಿದ್ದರು. ನೀವು ಉಳಿದ ಕೊಳವೆ ಮಣಿಗಳಿಂದ ಐದಾರು ಸಣ್ಣ ಎಳೆ ಮಾಡಿ, ಜಡೆಕುಚ್ಚಿನ ಹಾಗೆ ಒಟ್ಟು ಸೇರಿಸಿ, ಹಿಂದಿನ ಗಂಟಿಗೆ ಇಳಿಬಿಡಿ. ಹಾರ ಕೂತಲ್ಲೇ ಕೂರುತ್ತದೆ. ತುರುಬು ಕಟ್ಟಿದಾಗ ಹಿಂದಿನಿಂದ ನೋಡಲೂ ಚೆಂದ.

ಫಯಾನ್ಸನ್ನೇ ಮನೆಯಲ್ಲಿ ಮಾಡಬಹುದಾ?

ಕುಂಬಾರಿಕೆಯ ಗೂಡು ಇರುವವರ ಪರಿಚಯವಿದ್ದರೆ ಮಾಡಬಹುದು. ಅಡುಗೆಮನೆಯ ಓವನ್ನಿನಲ್ಲಿ ಆಗುವುದಿಲ್ಲ, ಅದರ ಬಿಸಿ ಇದಕ್ಕೆ ಏನೇನೂ ಸಾಲುವುದಿಲ್ಲ. ತಾಮ್ರದ ಪುಡಿ, ಬೆಣಚುಕಲ್ಲಿನ ಪುಡಿ ಎರಡೂ ಉಸಿರಿಗೆ ಒಳ್ಳೆಯದಲ್ಲ. ಮಾಸ್ಕ್ ಇಲ್ಲದೆ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಮಕ್ಕಳಿಗೆ ಶಾಲೆಯ ಪ್ರಾಜೆಕ್ಟ್ ಆದರೆ ಪೇಪರ್ ಸ್ಟ್ರಾ ಕತ್ತರಿಸಿ ಬಣ್ಣ ಬಳಿದು ಇದೇ ಲೆಕ್ಕದಲ್ಲಿ ಪೋಣಿಸಲಿ. ಸ್ಟ್ರಾ ದಪ್ಪ ಇರುವುದರಿಂದ ಗುಂಡು ಮಣಿಯೂ ಅಷ್ಟೇ ದೊಡ್ಡದು ಬೇಕು, ಸಂಖ್ಯೆ ಕಡಿಮೆ ಸಾಕು.

ತೊಟ್ಟ ಮೇಲೆ

ಮೊಳೆಗೆ ನೇತುಹಾಕಬೇಡಿ. ಭಾರಕ್ಕೆ ದಾರ ಜಗ್ಗಿ ಆಕಾರ ಹೋಗುತ್ತದೆ. ಹಳೆಯ ಸೀರೆ ಡಬ್ಬದಲ್ಲಿ ಬಟ್ಟೆ ಹಾಸಿ ಮಲಗಿಸಿಡಿ. ಸೆಂಟು ಮೊದಲು ಹಾಕಿಕೊಂಡು, ಅದು ಆರಿದ ಮೇಲೆ ಹಾರ ತೊಡಿ. ಕಸೂತಿ ಜಾಸ್ತಿ ಇರುವ ಬ್ಲೌಸಿನ ಮೇಲೆ ಇದು ಕಾಣುವುದಿಲ್ಲ. ಅವರು ಬಿಳಿ ನಾರುಬಟ್ಟೆಯ ಮೇಲೆ ತೊಡುತ್ತಿದ್ದರು, ನೀವು ಒಂದೇ ಬಣ್ಣದ ಹತ್ತಿ ಸೀರೆಗೋ ಕುರ್ತಾಗೋ ತೊಡಿ.

ದಾರಕ್ಕೆ ಆಯುಸ್ಸು ಕಡಿಮೆ, ಮಣಿಗೆ ಜಾಸ್ತಿ. ಗೀಜಾದಲ್ಲಿ 1927ರಲ್ಲಿ ಫೇರೋ ಖುಫು ಕಾಲದ ಒಂದು ಸಮಾಧಿ ತೆರೆದಾಗ ಮಣಿಯ ಬಲೆಯ ಉಡುಗೆಯೊಂದರ ದಾರವೆಲ್ಲ ಮಣ್ಣಾಗಿತ್ತು. ಸುಮಾರು 7000 ಮಣಿ ಮಾತ್ರ ಉಳಿದಿದ್ದವು. ಬಿದ್ದ ಜಾಗ ನೋಡಿಕೊಂಡು ಅದನ್ನು ಮತ್ತೆ ಜೋಡಿಸಿದರು, ಈಗ ಬಾಸ್ಟನ್ನಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನಲ್ಲಿದೆ. ನಿಮ್ಮ ಹಾರವನ್ನೂ ಕೆಲವು ವರ್ಷಕ್ಕೊಮ್ಮೆ ಬಿಚ್ಚಿ ಪೋಣಿಸಬೇಕಾಗುತ್ತದೆ. ಅದಕ್ಕೇ ಪೇಪರಿನ ಹಾರವನ್ನು ಎಸೆಯಬೇಡಿ. ಅದರ ಮೇಲೆ 73, 86, 99, 112 ಅಂತ ಬರೆದು, ಉಳಿದ ಹತ್ತು ಕೊಳವೆ ಒಂದು ಪುಟ್ಟ ಪೊಟ್ಟಣದಲ್ಲಿ ಕಟ್ಟಿ, ಡಬ್ಬದ ತಳದಲ್ಲಿ ಹಾರದ ಕೆಳಗೇ ಇಡಿ.